ದೊಡ್ಡ ಗಾಯಕರು ಯಾರು?

ಊಟದ ಬಿಡುವಿನಲ್ಲಿ ನಮ್ಮ ಶಿಕ್ಷಕರ ಕೋಣೆಯಲ್ಲಿ ಮತ್ತೆ ಅದೇ ವಾದ: ಭೀಮಸೇನ ಜೋಶಿಯವರು ದೊಡ್ಡವರೋ, ಲತಾ ಮಂಗೇಶ್ಕರ್ ಅವರೋ? ಲತಾ ಅವರಿಗೆ 2001ರಲ್ಲಿ, ಭೀಮಸೇನರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ಸರಕಾರವೂ ಈ ಜಗಳ ಬಿಡಿಸಲಿಲ್ಲ. ಒಂದೇ ರಾಗವನ್ನು ಗಂಟೆಗಟ್ಟಲೆ ಬೆಳೆಸುವುದು ಒಂದು ವಿದ್ಯೆ. ನಾಲ್ಕು ನಿಮಿಷದ ಸಿನೆಮಾ ಹಾಡಿನಲ್ಲಿ ಒಂದು ದುಃಖವನ್ನು ಹಿಡಿದಿಡುವುದು ಇನ್ನೊಂದು. ಜೋಳ ಅಳೆಯುವ ಸೇರಿನಿಂದ ಬಟ್ಟೆ ಅಳೆಯಲಾದೀತೇ?

ಆದರೂ ಒಂದು ಪರೀಕ್ಷೆ ಉಂಟು. ಇನ್ನೊಬ್ಬರ ಮನೆಗೆ ಹೋದಾಗ ಚಪ್ಪಲಿ ಹೊರಗೆ ಬಿಡುತ್ತೇವೆ. ಬೇರೆ ಪ್ರಕಾರಕ್ಕೆ ಹೋದ ಗಾಯಕ ಏನನ್ನು ಹೊರಗೆ ಬಿಡುತ್ತಾನೆ? ಖಯಾಲಿನಲ್ಲಿ ತಾನಗಳ ಮಳೆಗರೆಯುವ ಭೀಮಸೇನರು ದಾಸರ ಪದಕ್ಕೆ ಬಂದಾಗ ಮಾತಿಗೆ ದಾರಿ ಬಿಡುತ್ತಾರೆ. ನಮ್ಮ ಸಿದ್ಧರಾಮ ಜಂಬಲದಿನ್ನಿಯವರು ಹಿಂದುಸ್ತಾನಿಯಲ್ಲಿ ಪಳಗಿದ ಕಂಠವನ್ನು ವಚನದ ಅರ್ಥಕ್ಕೆ ಒಪ್ಪಿಸಿಬಿಟ್ಟರು. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರಿದೆ. ನನ್ನ ಮತ ಅವರಿಗೆ.

ಹಾಗೆಂದು ಬರೆದು ಮುಗಿಸಬಹುದಿತ್ತು. ಆದರೆ ನಮ್ಮದು ದಾಸರ ಸೀಮೆ. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ಹೇಗೆ ಹಾಡಿದರೆಂದು ಕೇಳಿದವರು ಈಗಿಲ್ಲ. ಅವರ ಪದಗಳನ್ನು ನಮ್ಮವರೆಗೆ ತಂದವರಲ್ಲಿ ಅಡಿಗೆಮನೆಯಲ್ಲಿ ಹಾಡಿಕೊಂಡ ಹೆಣ್ಣುಮಕ್ಕಳೂ ಇದ್ದಾರೆ. ನಮ್ಮವ್ವನ ಶ್ರುತಿ ಜಾರುತ್ತಿತ್ತು, ಮಾತು ಜಾರುತ್ತಿರಲಿಲ್ಲ. ಚಿಕ್ಕವಳಿದ್ದಾಗ ನಾನು ರೇಡಿಯೊ ಹಚ್ಚಿ, “ಸುಮ್ಮನಿರಬೇ, ಹಾಡು ಕೇಳಬೇಕು” ಅಂದಿದ್ದೆ. ಆಕೆ ಸುಮ್ಮನಾದಳು. ಆಕೆಗೆ ಬರುತ್ತಿದ್ದ ಎಷ್ಟೋ ಪದಗಳು ನನಗೆ ಬರುವುದಿಲ್ಲ. ದೊಡ್ಡವರ ಪಟ್ಟಿ ಮಾಡುವಾಗೆಲ್ಲ ಆ ತೀರ್ಪು ನೆನಪಾಗಿ ಕೈ ಹಿಂಜರಿಯುತ್ತದೆ.