ದೋಣಿಗೆ ಕ್ಯಾಮೆರಾ ತನ್ನಿ

ರಂಗನತಿಟ್ಟು ಪಕ್ಷಿಧಾಮದ ದೋಣಿಯಲ್ಲಿ ಕೂತಾಗಲೆಲ್ಲ ನನ್ನ ಹಳೆಯ ಕ್ಯಾಮೆರಾದ ಮೇಲೆ ಪ್ರೀತಿ ಉಕ್ಕುತ್ತದೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗೆ ಫೋನೂ ಸಾಕು, ದೋಣಿ ಅಷ್ಟು ಹತ್ತಿರ ಹೋಗುತ್ತದೆ. ಆದರೆ ಗೂಡಿಗೆ ಕಡ್ಡಿ ಕಚ್ಚಿಕೊಂಡು ಹಾರಿ ಬರುವ ಬಣ್ಣದ ಕೊಕ್ಕರೆ? ಅದಕ್ಕೆ 400 ಮಿಲಿಮೀಟರಿನ ಲೆನ್ಸ್ ಬೇಕು, ಸೆಕೆಂಡಿನ 2000ನೇ ಒಂದು ಭಾಗದಲ್ಲಿ ಮುಚ್ಚುವ ಶಟರ್ ಬೇಕು. ಫುಲ್‌ಫ್ರೇಮ್ ಕ್ಯಾಮೆರಾದ ಸೆನ್ಸರಿನ ಅಳತೆ 36 × 24 ಮಿ.ಮೀ.; ಬಹುತೇಕ ಫೋನುಗಳ ಸೆನ್ಸರಿಗಿಂತ ವಿಸ್ತೀರ್ಣದಲ್ಲಿ ಹತ್ತು ಪಟ್ಟಿಗೂ ಹೆಚ್ಚು ದೊಡ್ಡದು. ಮುಂಜಾನೆಯ ಮಂದ ಬೆಳಕಿನಲ್ಲೂ ಬಾಲದ ಬಳಿಯ ಗುಲಾಬಿ ಗರಿಗಳು ಎಳೆಎಳೆಯಾಗಿ ಮೂಡುವುದು ಅದರಿಂದಲೇ. ಅತಿಯಾಗಿ ಎಳೆದ ಫೋನ್ ಜೂಮ್ ಅದೇ ಗರಿಯನ್ನು ಊಹಿಸಿ ಬಳಿದುಬಿಡುತ್ತದೆ. ಮಗುವಿನ ಮೊದಲ ಹೆಜ್ಜೆಗೆ ಜೇಬಿನ ಫೋನೇ ಸರಿ, ಒಪ್ಪುತ್ತೇನೆ. ಹಕ್ಕಿ ನೋಡಲು ಹೊರಟಾಗ ಮಾತ್ರ, ಬಾಡಿಗೆಗಾದರೂ ಸರಿ, ಒಂದು ಕ್ಯಾಮೆರಾ ತನ್ನಿ.