ಕಲ್ಲಿನ ಮೇಲಿನ ನರ್ತಕಿ: ಮಾತೀಸ್‌ನ 'ಹತ್ತು ನರ್ತಕಿಯರು'

ಹೆನ್ರಿ ಮಾತೀಸ್‌ನ (1869–1954) ಕಲೆಯನ್ನು ಕುರಿತ ಬರವಣಿಗೆಗಳಲ್ಲಿ ವರ್ಣಕ್ಕೆ ಸಂದ ಗಮನ ಆತನ ಕಲ್ಲಚ್ಚಿನ ಚಿತ್ರಗಳಿಗೆ ಸಂದಿಲ್ಲ. 1927ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ 'ಹತ್ತು ನರ್ತಕಿಯರು' ಸಂಪುಟವನ್ನಂತೂ ನೀಸ್ ನಗರದ ಅವಧಿಯ ವಿಲಾಸಚಿತ್ರಗಳಿಗೆ ಅನುಬಂಧವೆಂಬಂತೆ ನೋಡುವುದೇ ರೂಢಿ. ಈ ನೋಟವನ್ನು ಮರುಪರಿಶೀಲಿಸಬೇಕಾಗಿದೆ.

ಇಲ್ಲಿ ಮೊದಲು ಎದ್ದು ಕಾಣುವುದು ನರ್ತನದ ಅಭಾವವೇ. ಬ್ಯಾಲೆಯ ಉಡುಪು ತೊಟ್ಟ ಹೆಣ್ಣು ಕುಳಿತಿದ್ದಾಳೆ, ಒರಗಿದ್ದಾಳೆ, ಮಲಗಿದ್ದಾಳೆ. ರಂಗವಿಲ್ಲ, ಪ್ರೇಕ್ಷಕರಿಲ್ಲ. ದೆಗಾನ ನರ್ತಕಿಯೂ ದಣಿದು ಕೂರುತ್ತಾಳೆ, ನಿಜ. ಆದರೆ ಅವಳ ಸುತ್ತ ತಾಲೀಮಿನ ಕೋಣೆಯಿದೆ, ನೃತ್ಯಗುರುವಿದ್ದಾನೆ. ಅವಳ ದಣಿವು ದುಡಿಮೆಯದು. ಮಾತೀಸ್‌ನ ನರ್ತಕಿ ಇರುವುದು ಕಲಾವಿದನ ಕೋಣೆಯಲ್ಲಿ. ಹಾಗೆಂದು ಆತನಿಗೆ ರಂಗದ ಪರಿಚಯವಿರಲಿಲ್ಲವೆಂದಲ್ಲ. 1920ರಲ್ಲಿ ದಿಯಾಗಿಲೆವ್‌ನ ತಂಡದ ಬ್ಯಾಲೆಯೊಂದಕ್ಕೆ ರಂಗಸಜ್ಜಿಕೆ, ಉಡುಪುಗಳನ್ನು ರೂಪಿಸಿದವನೇ ಆತ.

ಹಾಗಾದರೆ ಇದು ಬರಿಯ ವೇಷವೇ? 1925ರ ಕಲ್ಲಚ್ಚೊಂದರಲ್ಲಿ ಅಂತಃಪುರದ ಹೆಣ್ಣಿನ ಪಟ್ಟೆ ಪಟ್ಟೆಯ ಷರಾಯಿಗೆ 'ಬಯಾದೇರ್' ಎಂಬ ಹೆಸರಿದೆ. ಪೋರ್ಚುಗೀಸ್ ಮೂಲದ ಈ ಪದವನ್ನು ಐರೋಪ್ಯರು ನಮ್ಮ ದೇವದಾಸಿಯರಿಗೆ ಬಳಸುತ್ತಿದ್ದರೆಂಬುದನ್ನು ನೆನೆದರೆ, ನರ್ತಕಿ ಎಂಬ ಕಲ್ಪನೆ ಅಲ್ಲಿ ಎಷ್ಟು ಸಲೀಸಾಗಿ ಉಡುಗೆಯ ವಿಷಯವಾಯಿತೆಂಬುದು ತಿಳಿಯುತ್ತದೆ. ಆದರೆ ಆ ಚಿತ್ರದಲ್ಲಿ ಬಳಪದ ಕಪ್ಪು ಮೈದುಂಬಿ ನಿಂತಿದೆ. 'ಹತ್ತು ನರ್ತಕಿಯರು' ಸಂಪುಟದಲ್ಲಿ ಅದು ಬಹುಮಟ್ಟಿಗೆ ಬರಿದಾಗಿ ಗೆರೆಯಷ್ಟೇ ಉಳಿದಿದೆ. ವೇಷವೇ ಗುರಿಯಾಗಿದ್ದರೆ ಉಡುಪಿನ ಸೊಗಸನ್ನು ಹೀಗೆ ಬಿಟ್ಟುಕೊಡುವ ಅಗತ್ಯವಿರಲಿಲ್ಲ.

ಇಲ್ಲಿ ಮಾಧ್ಯಮದ ಗುಣವನ್ನು ಗಮನಿಸಬೇಕು. ಕಲ್ಲಚ್ಚಿನಲ್ಲಿ ಜಿಡ್ಡಿನ ಬಳಪ ಒತ್ತಿದಲ್ಲಿ ಗೆರೆ ಗಾಢ, ಕೈ ಸಡಿಲಿಸಿದಲ್ಲಿ ತಿಳಿ. ಕೈಯ ಭಾರವೇ ಅಚ್ಚಾಗುತ್ತದೆ. ನಮ್ಮಲ್ಲಿ ಈ ತಂತ್ರ 1843ರ 'ಮಂಗಳೂರು ಸಮಾಚಾರ'ದಲ್ಲಿ ಅಕ್ಷರವನ್ನು ಹೊತ್ತಿತು. 1894ರಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯದಲ್ಲಿ ತೈಲಚಿತ್ರದ ನುಣುಪನ್ನು ಅನುಕರಿಸಿತು. ಎರಡರಲ್ಲೂ ಕಲ್ಲು ತನ್ನ ಗುರುತನ್ನು ಮರೆಸಿಕೊಳ್ಳಬೇಕಿತ್ತು. ಮಾತೀಸ್ ಅದರ ತರಿಯನ್ನು ಮರೆಮಾಚುವುದಿಲ್ಲ. ಭಾರವೇ ಇಲ್ಲವೆಂಬ ಭ್ರಮೆಯನ್ನು ಹುಟ್ಟಿಸುವುದು ಬ್ಯಾಲೆಯ ಸಾಧನೆ. ಆ ಭ್ರಮೆ ಕಳಚಿದ ಮೇಲೆ ನರ್ತಕಿಯ ಮೈ ಎಷ್ಟು ಭಾರವೆಂಬುದನ್ನು ಈ ಗೆರೆಗಳು ತೂಗುತ್ತವೆ. 1910ರ 'ನರ್ತನ' ಚಿತ್ರದ ಕೈಹಿಡಿದು ಸುತ್ತುವ ಐದು ದೇಹಗಳಿಗೂ 1933ರಲ್ಲಿ ಮುಗಿದ ಬಾರ್ನ್ಸ್ ಭಿತ್ತಿಚಿತ್ರದ ನೆಗೆತಕ್ಕೂ ನಡುವೆ ಈ ಕುಳಿತವಳು ಬರುತ್ತಾಳೆಂಬುದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ.

ಒಂದು ಆಕ್ಷೇಪವನ್ನು ಮಾತ್ರ ತಳ್ಳಿಹಾಕಲಾಗದು. 1920ರಿಂದ 1927ರವರೆಗೆ ಮಾತೀಸ್‌ಗೆ ರೂಪದರ್ಶಿಯಾಗಿದ್ದ ಹೆನ್ರಿಯೆಟ್ ದಾರಿಕಾರೆರ್ ಸ್ವತಃ ನೃತ್ಯ, ಸಂಗೀತ ಬಲ್ಲವಳು, ಚಿತ್ರ ಬರೆಯುತ್ತಿದ್ದವಳು. ಸಂಪುಟದ ಶೀರ್ಷಿಕೆಗಳಲ್ಲಿ ಯಾವ ಹೆಣ್ಣಿನ ಹೆಸರೂ ಇಲ್ಲ. ಭಂಗಿಯ ಹೆಸರಿದೆ, ಪೀಠದ ಹೆಸರಿದೆ.