ಇಪ್ಪತ್ತೈದು ರೂಪಾಯಿಯ ಷರತ್ತು

ಪಿಎಂ ಸ್ವನಿಧಿ ಯೋಜನೆಯನ್ನು ಹೊಗಳದವರು ಸಿಗುವುದು ಕಷ್ಟ. ಆಳುವ ಪಕ್ಷದವರು ಹೊಗಳುತ್ತಾರೆ, ಅದು ಅವರ ಕೆಲಸ. ಬ್ಯಾಂಕಿನವರೂ ಹೊಗಳುತ್ತಾರೆ. ಮಿಕ್ಕೆಲ್ಲ ವಿಷಯಗಳಲ್ಲಿ ಸರ್ಕಾರವನ್ನು ಹಿಗ್ಗಾಮುಗ್ಗಾ ಬೈಯುವ ಅಂಕಣಕಾರರು ಕೂಡ ಇದೊಂದರ ಹತ್ತಿರ ಬಂದಾಗ ದನಿ ತಗ್ಗಿಸುತ್ತಾರೆ. ಲಾಕ್‌ಡೌನಿನಲ್ಲಿ ತಳ್ಳುಗಾಡಿಗಳೆಲ್ಲ ಮೂಲೆ ಸೇರಿದ್ದಾಗ, 2020ರ ಜೂನ್ 1ರಂದು ಶುರುವಾದ ಯೋಜನೆ ಇದು. ಜಾಮೀನಿಲ್ಲದೆ 10,000 ರೂಪಾಯಿ ಸಾಲ. ತೀರಿಸಿದರೆ 20,000, ಅದನ್ನೂ ತೀರಿಸಿದರೆ 50,000. ಕಂತು ತಪ್ಪಿಸದವರಿಗೆ ಶೇ 7ರ ಬಡ್ಡಿ ಸಬ್ಸಿಡಿ. 2025ರ ಜುಲೈ ಕೊನೆಯ ಹೊತ್ತಿಗೆ 68 ಲಕ್ಷ ಬೀದಿಬದಿ ವ್ಯಾಪಾರಿಗಳಿಗೆ 96 ಲಕ್ಷ ಸಾಲಗಳು, ಒಟ್ಟು 13,797 ಕೋಟಿ ರೂಪಾಯಿ. ಮರು ತಿಂಗಳೇ ಕೇಂದ್ರ ಸಂಪುಟ ಇದನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಿ, ಮೊದಲ ಸಾಲವನ್ನು 15,000ಕ್ಕೆ, ಎರಡನೆಯದನ್ನು 25,000ಕ್ಕೆ ಏರಿಸಿತು.

ನನ್ನ ತಕರಾರು ಸಾಲದ ಮೇಲಲ್ಲ, ಯೋಜನೆಯನ್ನು ಓದಿದವರ ಮೇಲೆ. ಹೊಗಳಿದವರು ಅಂಕಿಗಳನ್ನು ಓದಿದ್ದಾರೆ, ಮಾರ್ಗಸೂಚಿಯನ್ನು ಓದಿಲ್ಲ. ಸರ್ಕಾರದ ಸುತ್ತೋಲೆಯನ್ನು ಕಾವ್ಯದ ಹಾಗೆ ಓದಬೇಕೇ ಎಂದು ಗೆಳೆಯರು ಕೇಳಬಹುದು. ಓದಬೇಕು. ಬಡವರ ಬದುಕನ್ನು ಈಚೆಗೆ ಕಾವ್ಯಕ್ಕಿಂತ ಸುತ್ತೋಲೆಗಳೇ ಹೆಚ್ಚು ಬರೆಯುತ್ತಿವೆ.

ಕೊಡಬೇಕಾದ ಮೆಚ್ಚುಗೆಯನ್ನು ಮೊದಲೇ ಕೊಟ್ಟುಬಿಡುತ್ತೇನೆ. ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಸಿಗುವ ಸಾಲ ಯಾವುದೆಂದು ಎಲ್ಲರಿಗೂ ಗೊತ್ತು. ಸಾವಿರ ಕೇಳಿದರೆ ನೂರು ಹಿಡಿದುಕೊಂಡು ಒಂಬೈನೂರು ಕೈಗಿಡುತ್ತಾರೆ. ಸಂಜೆ ಸಾವಿರ ಎಣಿಸಿ ಕೊಡಬೇಕು. ಮೀಟರ್ ಬಡ್ಡಿ. ಆಟೋದ ಮೀಟರಿನಂತೆ ನಿಂತಲ್ಲೇ ಓಡುವುದರಿಂದ ಆ ಹೆಸರು. ದಿನಕ್ಕೆ ನೂರರಂತೆ ಇಪ್ಪತ್ತೈದು ದಿನಕ್ಕೆ ಎರಡೂವರೆ ಸಾವಿರ, ಅದೂ ಬರೀ ಒಂಬೈನೂರು ರೂಪಾಯಿ ಬಂಡವಾಳಕ್ಕೆ. ಬ್ಯಾಂಕು ಶೇ 12ರ ಬಡ್ಡಿ ಹಾಕುತ್ತದೆ ಎಂದಿಟ್ಟುಕೊಂಡರೆ, ಸ್ವನಿಧಿಯ 10,000ಕ್ಕೆ ತಿಂಗಳ ಕಂತಿನಲ್ಲಿ ತೀರುವ ಒಂದು ವರ್ಷದ ಬಡ್ಡಿ 660 ರೂಪಾಯಿಯ ಆಸುಪಾಸು. ಅಂದರೆ ಮೀಟರಿನವನಿಗೆ ಒಂದು ವಾರದಲ್ಲಿ ಸುರಿಯುವ ದುಡ್ಡಿಗಿಂತ ಕಡಿಮೆ. ಈ ವ್ಯತ್ಯಾಸವನ್ನು ಸಣ್ಣದೆನ್ನುವವರು ಮಾರುಕಟ್ಟೆಯ ಕಡೆ ಬೆಳಿಗ್ಗೆ ನಾಲ್ಕಕ್ಕೆ ಹೋದವರಲ್ಲ.

ಇನ್ನು ಯೋಜನೆಯ ಮೊದಲ ಮಾರ್ಗಸೂಚಿಗೆ ಬರೋಣ. ಸಾಲ, ಅವಧಿ, ಸಬ್ಸಿಡಿಗಳ ಬಳಿಕ ಡಿಜಿಟಲ್ ವಹಿವಾಟಿಗೆ ಕ್ಯಾಶ್‌ಬ್ಯಾಕ್ ಎಂಬ ಒಂದು ಭಾಗ ಬರುತ್ತದೆ. ತಿಂಗಳಿಗೆ 50 ವಹಿವಾಟು ಮಾಡಿದರೆ 50 ರೂಪಾಯಿ. ಇನ್ನೂ 50 ಮಾಡಿದರೆ ಮೇಲೆ 25. ಒಟ್ಟು 200 ಮುಟ್ಟಿದರೆ ಇನ್ನೊಂದು 25. ಹೀಗೆ ತಿಂಗಳಿಗೆ ಹೆಚ್ಚೆಂದರೆ 100, ವರ್ಷಕ್ಕೆ 1,200. ಅಲ್ಲೇ ಒಂದು ಷರತ್ತು ಸದ್ದಿಲ್ಲದೆ ಕೂತಿದೆ: ಲೆಕ್ಕಕ್ಕೆ ಬರಬೇಕಾದರೆ ಒಂದೊಂದು ವಹಿವಾಟೂ ಕನಿಷ್ಠ 25 ರೂಪಾಯಿಯದ್ದಾಗಿರಬೇಕು.

ಈ 25ನ್ನು ಹಿಡಿದುಕೊಂಡು ನಮ್ಮ ಬೀದಿಯ ತಿರುವಿಗೆ ಹೋಗಿ ನಿಂತೆ. ಅಲ್ಲಿ ಅರಳಿಮರದ ಕಟ್ಟೆಗೆ ಒರಗಿಕೊಂಡು ಒಬ್ಬ ಅಕ್ಕ ಸೊಪ್ಪು ಮಾರುತ್ತಾಳೆ. ಗೋಣಿತಾಟು ಹಾಸಿ, ಒದ್ದೆ ಬಟ್ಟೆಯ ಕೆಳಗೆ ಮೆಂತ್ಯ, ದಂಟು, ಸಬ್ಬಸಿಗೆ, ಕೊತ್ತಂಬರಿ. ತಕ್ಕಡಿ ಇಲ್ಲ, ಎಲ್ಲವೂ ಕಟ್ಟಿನ ಲೆಕ್ಕ. ಕ್ಯೂಆರ್ ಚೀಟಿಯನ್ನು ರಟ್ಟಿಗೆ ಅಂಟಿಸಿ, ಮಳೆಗೆ ನೆನೆಯದಂತೆ ಹಾಲಿನ ಕವರು ಸುತ್ತಿ, ಬುಟ್ಟಿಯ ಅಂಚಿಗೆ ದಾರದಲ್ಲಿ ಕಟ್ಟಿದ್ದಳು. ಅಂದು ಬೆಳಿಗ್ಗೆ ಬಂದವರಲ್ಲಿ ಒಬ್ಬರು ಕೊತ್ತಂಬರಿ ಒಯ್ದು 15 ಹಾಕಿದರು. ಇನ್ನೊಬ್ಬರು ದಂಟಿಗೆ 20. ಮತ್ತೊಬ್ಬರು ಅರ್ಧ ಕಟ್ಟು ಸಬ್ಬಸಿಗೆಗೆ 10, ಅದೂ ಚೌಕಾಸಿ ಮಾಡಿ. ಮೂರು ಬಗೆ ಒಟ್ಟಿಗೆ ಒಯ್ದ ಒಬ್ಬರು ಮಾತ್ರ 50 ಹಾಕಿದರು. ಫೋನು ನಾಲ್ಕು ಸಲ ಕೂಗಿತು. ಸರ್ಕಾರದ ಕಿವಿಗೆ ಕೇಳಿಸಿದ್ದು ಒಂದೇ ಸಲ. ಮೊಳ ಹೂವು, ಲೋಟ ಚಹಾ, ಸುಟ್ಟ ಜೋಳದ ತೆನೆ, ಕಡಲೆಕಾಯಿಯ ಪೊಟ್ಟಣ: ಬೀದಿಯ ವ್ಯಾಪಾರವೆಂದರೆ ಬಹಳ ಮಟ್ಟಿಗೆ ಇಪ್ಪತ್ತೈದರ ಕೆಳಗಿನ ವ್ಯಾಪಾರವೇ. ಯೋಜನೆ ಯಾರ ಹೆಸರಿನಲ್ಲಿ ಹುಟ್ಟಿತೋ ಅವರಲ್ಲೂ ತೀರ ತಳದವರನ್ನು ಈ ಒಂದು ಅಂಕಿ ಹೊರಗೆ ನಿಲ್ಲಿಸುತ್ತದೆ. ಬರೆದವರ ಮನಸ್ಸಿನಲ್ಲಿದ್ದ ಬೀದಿ ವ್ಯಾಪಾರಿ ಸೊಪ್ಪಿನವಳಲ್ಲ. ಮೊಬೈಲಿನ ಕವರು, ಟೀ ಶರ್ಟು, ಗೋಬಿ ಮಂಚೂರಿ ಮಾರುವವನು.

ಸುಳ್ಳು ವಹಿವಾಟು ತಡೆಯಲು ಒಂದು ಮಿತಿ ಬೇಕಲ್ಲವೇ ಎಂದು ಯೋಜನೆಯ ಅಭಿಮಾನಿಗಳು ಹೇಳುತ್ತಾರೆ. ಒಪ್ಪಿದೆ. ಹಾಗಾದರೆ ಕಾಯುವಷ್ಟು ಬೆಲೆಯುಳ್ಳ ಸರಕು ಯಾವುದು? ಇಲ್ಲಿ ಸ್ವಲ್ಪ ಕೂಡಿ ಕಳೆಯಬೇಕು. 10,000ದ ಸಾಲಕ್ಕೆ ಶೇ 7ರ ಸಬ್ಸಿಡಿ, ಅಸಲು ತಿಂಗಳು ತಿಂಗಳೂ ಕರಗುತ್ತ ಹೋಗುವುದರಿಂದ, ವರ್ಷಕ್ಕೆ 380 ರೂಪಾಯಿಯ ಹತ್ತಿರ ಬರುತ್ತದೆ. ಕ್ಯಾಶ್‌ಬ್ಯಾಕ್ ಪೂರ್ತಿ ಗಿಟ್ಟಿಸಿದರೆ 1,200. ಬಡ್ಡಿಯ ಹೊರೆ ಇಳಿಸಲು ಕೊಡುವುದರ ಮೂರು ಪಟ್ಟು ದುಡ್ಡನ್ನು ಸರ್ಕಾರ ವಹಿವಾಟಿನ ದಾಖಲೆಗೆ ಕೊಡಲು ತಯಾರಿದೆ. ಎರಡೂ ಸೇರಿದರೆ 1,580; ಕಟ್ಟಬೇಕಾದ ಬಡ್ಡಿಯೇ 660. ಸಾಲಗಾರನಿಗೆ ಸಾಲ ಕೊಡಿಸಿದವನೇ ಮೇಲೆ 900 ರೂಪಾಯಿ ಕೊಡುವ ಸಾಲವನ್ನು ಸಾಲ ಎನ್ನುತ್ತಾರೆಯೇ? ಅದು ಕೂಲಿ. ದಿನವಿಡೀ ತನ್ನ ಲೆಕ್ಕವನ್ನು ತಾನೇ ಬರೆದುಕೊಡುವ ಗುಮಾಸ್ತನ ಕೂಲಿ. 2025ರ ಪರಿಷ್ಕರಣೆಯಲ್ಲಿ ಸಗಟು ಖರೀದಿಯನ್ನೂ ಸೇರಿಸಿ ಈ ಮೊತ್ತವನ್ನು 1,600ರವರೆಗೆ ಏರಿಸಿದ್ದಾರೆ. ಮಾರಿದ್ದರ ಲೆಕ್ಕದ ಜೊತೆಗೆ ಈಗ ಕೊಂಡದ್ದರ ಲೆಕ್ಕವೂ ಬೇಕು. ನನಗೆ ಇದರಲ್ಲಿ ಯಾವ ಸಂಚೂ ಕಾಣುವುದಿಲ್ಲ. ಯೋಜನೆಯ ಜೀವ ಎಲ್ಲಿದೆ ಎನ್ನುವುದು ಕಾಣುತ್ತದೆ, ಅಷ್ಟೇ.

ಲೆಕ್ಕ ಬರೆಯುವುದೇ ತಪ್ಪೆಂದು ನಾನು ಹೇಳಿದರೆ ಕರಾವಳಿಯವರು ನಗುತ್ತಾರೆ. 1928ರಲ್ಲೇ ಟಿ.ಎಂ.ಎ. ಪೈ ಅವರ ಬ್ಯಾಂಕು ಪಿಗ್ಮಿ ಎಂಬ ದಿನದ ಉಳಿತಾಯ ಶುರುಮಾಡಿ, ಏಜೆಂಟರನ್ನು ಮನೆಮನೆಗೂ ಅಂಗಡಿ ಅಂಗಡಿಗೂ ಕಳಿಸಿ ಎರಡಾಣೆಯನ್ನೂ ಬರೆದುಕೊಂಡಿತ್ತು. ಅಲ್ಲಿ ದಾಖಲಾಗುತ್ತಿದ್ದದ್ದು ಉಳಿತಾಯ, ಬರೆದ ಪುಸ್ತಕ ಇರುತ್ತಿದ್ದದ್ದು ಉಳಿಸಿದವರ ಕೈಯಲ್ಲಿ. ಇಲ್ಲಿ ದಾಖಲಾಗುವುದು ವಹಿವಾಟು. ಪುಸ್ತಕ ಯಾರ ಕೈಯಲ್ಲಿದೆ ಎಂಬುದು 2025ರ ಜುಲೈವರೆಗೆ ಯಾರಿಗೂ ಹೊಳೆದಿರಲಿಲ್ಲ.

ಆ ಜುಲೈಯಲ್ಲಿ ಏನಾಯಿತೆಂದು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿಯವರಿಗೆಲ್ಲ ಜಿಎಸ್‌ಟಿ ನೋಟಿಸು ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದದ್ದು 29 ಲಕ್ಷದ ನೋಟಿಸು. ಹಸಿ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ನೋಟಿಸುಗಳ ಬೆನ್ನಿಗೇ ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಕೈಬರಹದ ಚೀಟಿಗಳು ಮೇಲೆದ್ದವು. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕೂರಿಸಿಕೊಂಡು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮಾತು ಕೊಡಬೇಕಾಯಿತು. ಸರಕಿನ ವ್ಯಾಪಾರಕ್ಕೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಅಂದರೆ ದಿನಕ್ಕೆ 11,000ದ ವ್ಯಾಪಾರ. ನಮ್ಮ ಅಕ್ಕ ಅದರ ನೆರಳಿಗೂ ಹೋಗುವವಳಲ್ಲ. ಆದರೂ ರಟ್ಟನ್ನು ಬಿಚ್ಚಿ ಗೋಣಿಯ ಕೆಳಗೆ ಇಟ್ಟಳು. "ಅಂಟಿಸೋಕೆ ಬಂದೋರು ಮತ್ತೆ ಬರ್ಲಿಲ್ಲ ಸ್ವಾಮಿ, ಯಾರ್ನ ಕೇಳೋದು?" ಎಂದಳು. ಅಂಟಿಸಿದ ಸರ್ಕಾರ ಬೇರೆ, ನೋಟಿಸು ಕಳಿಸಿದ ಸರ್ಕಾರ ಬೇರೆ ಎಂದು ನಾನು ವಿವರಿಸಿದೆ. ಕೇಳಿಸಿಕೊಂಡಳು. ರಟ್ಟು ಮಾತ್ರ ಗೋಣಿಯ ಕೆಳಗೇ ಇತ್ತು.

ಈಗ ನನ್ನ ಸಹಪಂಕ್ತಿಯ ವಿಮರ್ಶಕರ ಮಾತು. ಹೊಗಳುವವರ ಬತ್ತಳಿಕೆಯಲ್ಲಿರುವುದು ಒಂದೇ ಬಾಣ, ಮರುಪಾವತಿ. ಬಡವರು ಕಂತು ಕಟ್ಟುತ್ತಿದ್ದಾರೆ, ಆದ್ದರಿಂದ ಏಳಿಗೆ ಆಗುತ್ತಿದೆ. ಗ್ರಾಮೀಣ ಬ್ಯಾಂಕಿನ ಮುಹಮ್ಮದ್ ಯೂನುಸ್ ಕಾಲದಿಂದ ಈ ತರ್ಕ ಸವೆದು ನುಣ್ಣಗಾಗಿದೆ. ಕಂತು ಕಟ್ಟಿದ್ದು ಕಂತು ಕಟ್ಟಿದ್ದಕ್ಕೆ ಮಾತ್ರ ಪುರಾವೆ. ಎಲ್ಲಿಂದ ತಂದು ಕಟ್ಟಿದರು ಎಂದು ಯಾವ ಜಾಲತಾಣವೂ ಕೇಳುವುದಿಲ್ಲ. ಬ್ಯಾಂಕಿನ ಕಂತಿಗೆ ಮೀಟರಿನವನಿಂದ ತಂದವರನ್ನು ನಾನು ಬಲ್ಲೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಹೈದರಾಬಾದಿನ 104 ಬಡ ಬಡಾವಣೆಗಳಲ್ಲಿ ಕಿರುಸಾಲದ ಪರಿಣಾಮ ಅಳೆದು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇವರ ಮೇಜಿನ ಮೇಲೇ ಇರಬೇಕು. ಇದ್ದ ಉದ್ಯಮಗಳಿಗೆ ಒಂದಿಷ್ಟು ಬಂಡವಾಳ ಸೇರಿತು. ಆದರೆ ಮನೆಯ ಖರ್ಚುವೆಚ್ಚ, ಮಕ್ಕಳ ಓದು, ಹೆಂಗಸರ ಮಾತಿನ ತೂಕ ಇವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ ಎಂಬುದು ಅದರ ಸಾರ. ಬ್ಯಾನರ್ಜಿ, ಡುಫ್ಲೋ ಅವರ ನೊಬೆಲ್‌ಗೆ ಚಪ್ಪಾಳೆ ತಟ್ಟಿದವರೇ ಈ ಅಧ್ಯಯನವನ್ನು ಮರೆತು ಸ್ವನಿಧಿಯನ್ನು ಕ್ರಾಂತಿ ಎನ್ನುತ್ತಾರೆ.

ಎದುರಿನ ಸಾಲಿನಲ್ಲಿ ಕೂತಿರುವ ನನ್ನ ಎಡಪಂಥೀಯ ಗೆಳೆಯರದ್ದು ಇನ್ನೊಂದು ಬಗೆಯ ಸೋಮಾರಿತನ. ಅವರಿಗೆ ಸಾಲವೆಂದರೆ ಬಲೆ, ಮುಗಿಯಿತು. 2025ರ ಫೆಬ್ರುವರಿಯಲ್ಲಿ ಕಿರುಸಾಲ ವಸೂಲಿಯ ದೌರ್ಜನ್ಯದ ವಿರುದ್ಧ ಕರ್ನಾಟಕ ಸುಗ್ರೀವಾಜ್ಞೆ ತಂದಾಗ 'ನಾವು ಹೇಳಿರಲಿಲ್ಲವೇ' ಎಂದರು. ಆದರೆ ಸಾಲ ಬೇಡವೆಂದರೆ ನಾಳೆ ಬೆಳಗಿನ ಜಾವ ಮೂಟೆ ಎತ್ತುವುದು ಹೇಗೆ? ಅದಕ್ಕೆ ಅವರಲ್ಲಿ ಉತ್ತರವಿಲ್ಲ. 2018ರಲ್ಲಿ ಕುಮಾರಸ್ವಾಮಿ ಸರ್ಕಾರ ಬಡವರ ಬಂಧು ಎಂಬ ಹೆಸರಿನಲ್ಲಿ ಸಹಕಾರ ಬ್ಯಾಂಕುಗಳ ಮೂಲಕ ಬೀದಿ ವ್ಯಾಪಾರಿಗಳಿಗೆ 10,000ದವರೆಗೆ ಬಡ್ಡಿಯಿಲ್ಲದ ಸಾಲ ಕೊಟ್ಟಿತಲ್ಲ. ಕ್ಯೂಆರ್ ಇಲ್ಲದೆ, ಕ್ಯಾಶ್‌ಬ್ಯಾಕ್ ಇಲ್ಲದೆ, ಬರಿಯ ಸಾಲ. ಸ್ವನಿಧಿಯ ಜೊತೆ ಇಟ್ಟು ತೂಗಬೇಕಾಗಿದ್ದ ಯೋಜನೆ ಅದು. ಈ ಎರಡೂ ಸಾಲಿನವರು ಅದರ ಮೇಲೆ ನಾಲ್ಕು ಪುಟ ಬರೆಯಲಿಲ್ಲ. ದೆಹಲಿಯಿಂದ ಬಂದದ್ದಕ್ಕೆ ಮಾತ್ರ ನಮ್ಮಲ್ಲಿ ವಿಮರ್ಶೆ ಹುಟ್ಟುತ್ತದೆ, ಬೈಯಲಿಕ್ಕಾದರೂ ಸರಿ.

ಇಬ್ಬರೂ ಬಿಟ್ಟದ್ದು ಜಾಗದ ಮಾತನ್ನು. ಬೀದಿ ವ್ಯಾಪಾರಿಯ ಬಂಡವಾಳ ಹತ್ತು ಸಾವಿರವಲ್ಲ, ಅರಳಿಮರದ ಕಟ್ಟೆ. ಅಲ್ಲಿ ಕೂತರೆ ಗಿರಾಕಿ, ಎಬ್ಬಿಸಿದರೆ ಸೊಪ್ಪು ದನಕ್ಕೆ. ಫುಟ್‌ಪಾತ್ ವ್ಯಾಪಾರವೂ ಸಂವಿಧಾನದ ರಕ್ಷಣೆಯಿರುವ ಕಸುಬು ಎಂದು ಸುಪ್ರೀಂ ಕೋರ್ಟು 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತು. 'ಸೇವಾ' ಎಂಬ ಮಹಿಳಾ ಸಂಘಟನೆಯ ಇಳಾ ಭಟ್ ಅವರಂಥವರ ದಶಕಗಳ ಹೋರಾಟದ ಮೇಲೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಅದರ 3ನೇ ಸೆಕ್ಷನ್ ಸೊಪ್ಪಿನವಳಿಗೂ ಅರ್ಥವಾಗುವಷ್ಟು ಸರಳ: ಗಣತಿ ಮುಗಿದು ಎಲ್ಲರಿಗೂ ವ್ಯಾಪಾರದ ಪ್ರಮಾಣಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಜನಸಂಖ್ಯೆಯ ಶೇ 2.5ರವರೆಗೆ ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು. ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಅವರೇ ಆರಿಸಿದ ಪ್ರತಿನಿಧಿಗಳಿರಬೇಕು. ಐದು ವರ್ಷಕ್ಕೊಮ್ಮೆಯಾದರೂ ಗಣತಿ ಆಗಬೇಕು.

2011ರ ಜನಗಣತಿಯ 84 ಲಕ್ಷವನ್ನೇ ಹಿಡಿದರೂ ಬೆಂಗಳೂರಿನ ಶೇ 2.5 ಎಂದರೆ ಎರಡು ಲಕ್ಷ ದಾಟುತ್ತದೆ. ಬಿಬಿಎಂಪಿಯ 2017ರ ಗಣತಿಗೆ ಸಿಕ್ಕವರು ಸುಮಾರು 25 ಸಾವಿರ. ಮುಂದಿನ ಗಣತಿಗೆ ಕೈಹಾಕಿದ್ದು 2024ರ ಕೊನೆಗೆ. ಎಣಿಸದವರಿಗೆ ಪ್ರಮಾಣಪತ್ರವಿಲ್ಲ, ಪತ್ರವಿಲ್ಲದವರನ್ನು ಎಬ್ಬಿಸಲು ಕಷ್ಟವೂ ಇಲ್ಲ. ಸ್ವನಿಧಿ ಇಲ್ಲಿ ಜಾಣತನ ಮಾಡಿತು. ಗಣತಿಯಿಂದ ಬಿಟ್ಟುಹೋದವರಿಗೂ ಸಾಲ ತಲುಪಲೆಂದು ಶಿಫಾರಸು ಪತ್ರ ಎಂಬ ಹೊಸ ಕಾಗದ ಸೃಷ್ಟಿಸಿತು. ಸಾಲಕ್ಕೆ ಅದು ಸಾಕು. ಕಟ್ಟೆಯ ಮೇಲೆ ಕೂರುವ ಹಕ್ಕಿಗೆ ಸಾಲದು. ಹೀಗೆ ಒಂದೇ ಕೈಬರಹದಲ್ಲಿ ಸರ್ಕಾರ ಆಕೆಯನ್ನು ಸಾಲಗಾರಳೆಂದು ಒಪ್ಪಿತು, ವ್ಯಾಪಾರಿಯೆಂದು ಒಪ್ಪಲಿಲ್ಲ. ಕಾಯ್ದೆ ಹಕ್ಕಿನಿಂದ ಶುರುವಾಗಿತ್ತು, ಯೋಜನೆ ಅರ್ಜಿಯಿಂದ ಶುರುವಾಯಿತು. ಇದು ಸಣ್ಣ ಬದಲಾವಣೆ ಎನ್ನುವವರ ಜೊತೆ ನನಗೆ ವಾದವಿಲ್ಲ.

ಫುಟ್‌ಪಾತ್ ನಡೆಯುವವರದ್ದು ಎಂಬ ವಾದ ಗೊತ್ತು. ನಾನೂ ನಡೆಯುವವನೇ. ವ್ಯಾಪಾರಕ್ಕೆ ಎಲ್ಲಿ ಜಾಗ, ಎಲ್ಲಿ ಬೇಡ ಎಂದು ಗೆರೆ ಎಳೆಯಲೆಂದೇ ಆ ಕಾಯ್ದೆ ಸಮಿತಿ ಮಾಡಿತು. ಗೆರೆ ಎಳೆಯದೆ ವ್ಯಾಪಾರಿಗಳನ್ನು ಎಬ್ಬಿಸಲು ಲಾರಿ ತರುವುದು ನಡೆಯುವವರ ಪರವೂ ಅಲ್ಲ.

ಸ್ವನಿಧಿ ಕೆಟ್ಟ ಯೋಜನೆಯಲ್ಲ. ಆರು ವರ್ಷ ಹಳೆಯದಾಗಿದ್ದ ಒಂದು ಒಳ್ಳೆಯ ಕಾಯ್ದೆಯ ಕೆಲಸ ಮಾಡದೆ ಅದರ ಕೀರ್ತಿಯನ್ನು ಮಾತ್ರ ತೆಗೆದುಕೊಂಡ ಯೋಜನೆ. ಸೊಪ್ಪಿನ ಅಕ್ಕ ಮೊದಲ ಸಾಲ ತೀರಿಸಿ ಎರಡನೆಯದರ ಅರ್ಧದಲ್ಲಿದ್ದಾಳೆ. ಚರಂಡಿ ಕೆಲಸಕ್ಕೆಂದು ಹೋದ ತಿಂಗಳು ಕಟ್ಟೆ ಅಗೆದರು. ಈಗ ಎದುರು ಬದಿಯ ಟ್ರಾನ್ಸ್‌ಫಾರ್ಮರಿನ ಪಕ್ಕ ಕೂರುತ್ತಾಳೆ, ವ್ಯಾಪಾರ ಅರ್ಧಕ್ಕೆ ಬಂದಿದೆ, ಕಂತು ಅಷ್ಟೇ ಇದೆ. ಅವಳ ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ಪಾಸ್‌ಬುಕ್, ನಾಲ್ಕಾಗಿ ಮಡಿಸಿದ ಶಿಫಾರಸು ಪತ್ರ ಇವೆ. ಪ್ರಮಾಣಪತ್ರ ಇಲ್ಲ.